ನೆಗ್ಗಿನ ಮೇಲೆ ಹತ್ತಿ

ಬೀದಿಯವರೆಲ್ಲ ಅವನನ್ನು ಹತ್ತಿ ಮೇಸ್ತ್ರಿ ಎನ್ನುತ್ತಿದ್ದರು. ಸೈಕಲ್ ರಿಪೇರಿಯವನಿಗೆ ಇದೆಂಥ ಹೆಸರು ಎಂದು ಹೊಸಬರು ಕೇಳಿದರೆ, ತಲೆಯಲ್ಲಿ ತುಂಬಿರುವುದು ಅದೇ ಎಂದು ತಾನೇ ನಕ್ಕು ಮಾತು ತೇಲಿಸಿಬಿಡುತ್ತಿದ್ದ.

ಮಧ್ಯಾಹ್ನ ಅಂಗಡಿಯ ತೊಲೆಗೆ ತೂಗುಹಾಕಿದ ಚಕ್ರಗಳು ಗಾಳಿಗೆ ತಾವಾಗಿಯೇ ತಿರುಗುತ್ತವೆ. ಕಡ್ಡಿಗಳ ನೆರಳು ಗೋಡೆಯಿಂದಿಳಿದು ಅವನ ಮೊಣಕಾಲ ಮೇಲೆ ಹರಿದಾಡುತ್ತದೆ. ನಿದ್ದೆಯೋ ಎಚ್ಚರವೋ ಅವನಿಗೇ ತಿಳಿಯದ ಅಂಥ ಹೊತ್ತಿನಲ್ಲಿ ತಮ್ಮನ ಮಗಳು ಅಲ್ಯುಮಿನಿಯಂ ಸೈಕಲ್ ಫ್ರೇಮ್ ಹೊತ್ತು ಬಂದಳು. ಕಂಬಕ್ಕೆ ಗುದ್ದಿ ಮೇಲಿನ ಪೈಪು ನೆಗ್ಗಿತ್ತು. ಭಾನುವಾರ ಅವಳ ಮೊದಲ ರೇಸು.

"ದೊಡ್ಡಪ್ಪ, ಓಡಿಸಬಹುದಾ? ಅಪ್ಪಂಗೆ ಹೇಳಿಲ್ಲ."

ಅಲ್ಯುಮಿನಿಯಂಗೆ ಅವನು ಈಗ ಸುತ್ತಿಗೆ ತಾಗಿಸುವುದಿಲ್ಲ. ಹನ್ನೆರಡು ವರ್ಷದ ಹಿಂದೆ, ಉಕ್ಕಿನಲ್ಲಿ ಪಳಗಿದ ಕೈಯ ಜಂಬದಲ್ಲಿ, ಇಂಥದ್ದೇ ನೆಗ್ಗನ್ನು ತಟ್ಟಿ ತಟ್ಟಿ ನೇರ ಮಾಡಿದ್ದ. ಉಕ್ಕು ಹೇಳಿದ ಮಾತು ಕೇಳುತ್ತದೆ. ಅಲ್ಯುಮಿನಿಯಂ ಕೇಳಿದಂತೆ ನಟಿಸಿ ಸದ್ದಿಲ್ಲದೆ ಬಿರುಕು ಬಿಡುತ್ತದೆ. ಆ ಬಿರುಕಿನ ಮೇಲೆ ಚೆಂದದ ಬಣ್ಣ ಬೇರೆ ಬಳಿದಿದ್ದ. ಇಳಿಜಾರಿನಲ್ಲಿ ಫ್ರೇಮ್ ಮುರಿದಾಗ ಸೀಟಿನ ಮೇಲಿದ್ದವನು ಒಡಹುಟ್ಟಿದ ತಮ್ಮ. ಕಾಲು ಕುಂಟಾಯಿತು. ತಮ್ಮ ಒಂದು ದಿನವೂ ಬೈಯಲಿಲ್ಲ, ಅಂಗಡಿಯ ಮೆಟ್ಟಿಲನ್ನೂ ತುಳಿಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೇಸ್ತ್ರಿ ನೆಗ್ಗಿನ ಸುತ್ತ ಬಣ್ಣ ಕೆರೆದ. ಡಬ್ಬಿಯಿಂದ ಹತ್ತಿಯ ಉಂಡೆ ತೆಗೆದು ನಿಧಾನಕ್ಕೆ ಸವರತೊಡಗಿದ. ಕಣ್ಣಿಗೆ ಕಾಣದ ಬಿರುಕಿದ್ದರೂ ಹತ್ತಿಯ ಎಳೆ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಕಣ್ಣು ಮುಚ್ಚಿದ. ಹತ್ತಿ ಜಾರುತ್ತಿತ್ತು, ಚಕ್ರಗಳು ತಿರುಗುತ್ತಿದ್ದವು. ಚಿಕ್ಕಂದಿನ ತಮ್ಮ ಹಿಂದಿನ ಸೀಟಿನಲ್ಲಿ ಕೂತು ಅಣ್ಣನ ಅಂಗಿ ಹಿಡಿದಂತೆ, ಇನ್ನೂ ಜೋರಾಗಿ ಎನ್ನುತ್ತಿದ್ದಂತೆ ಅನ್ನಿಸಿತು. ಎಳೆ ಎಲ್ಲೂ ಸಿಕ್ಕಲಿಲ್ಲ. ನಂಬಿಕೆ ಬರಲಿಲ್ಲ. ಮತ್ತೆ ಸವರಿದ. ಮತ್ತೂ ಒಂದು ಸಲ.

ನೇರ ಮಾಡುವುದಿಲ್ಲವೇ ಎಂದು ಹುಡುಗಿ ಕೇಳಿದಳು.

"ಬೇಡಮ್ಮ. ನೆಗ್ಗು ಹಾಗೇ ಇರ್ಲಿ, ಬಣ್ಣನೂ ಬಳಿಯಲ್ಲ. ದಿನಾ ನಿನ್ನ ಕಣ್ಣಿಗೆ ಬೀಳ್ಬೇಕು. ಹತ್ತಿ ಸವರಿ ನೋಡ್ತಾ ಇರು, ಎಳೆ ಸಿಕ್ಕಿದ ದಿನ ಫ್ರೇಮ್ ಬಿಸಾಕು."

ತಲೆಯೆತ್ತಿದರೆ ಹೊರಗೆ ತಮ್ಮ ಕೋಲೂರಿ ನಿಂತಿದ್ದಾನೆ. ಸುದ್ದಿ ಯಾರು ಮುಟ್ಟಿಸಿದರೋ.

"ಎಷ್ಟು ಸಲ ನೋಡ್ದೆ, ಅಣ್ಣ?"

"ಮೂರು."

ತಮ್ಮ ಬಹಳ ಹೊತ್ತು ಆ ನೆಗ್ಗನ್ನೇ ನೋಡಿದ.

"ಹಾಗಾದ್ರೆ ಓಡ್ಸು," ಎಂದ ಮಗಳಿಗೆ. ಆಮೇಲೆ ಕೋಲನ್ನು ಗೋಡೆಗೊರಗಿಸಿ, ಅಣ್ಣನತ್ತ ಕೈ ಚಾಚಿ, ಮೆಟ್ಟಿಲ ಮೇಲೆ ಕಾಲಿಟ್ಟ.