ಮಾವಿನ ಸರದಿ ಪುಟ ಮತ್ತು ಬದ್ರುನ್ನೀಸಾ ಮೇಡಂ

“ಇನ್ನೊಂದು ತಿಂಗಳಿಗೆ ಹಾರ ಹಾಕಿಸ್ಕೊಂಡು ಮನೆಗೆ ಹೋಗೋರು ನೀವು. ನಡೀತಿರೋ ಸರ್ವರ್‌ಗೆ ಈಗ್ಯಾಕಮ್ಮಾ ಕೈ ಹಾಕ್ತೀರಾ? ಮುಂದೆ ಬರೋರು ನೋಡ್ಕೊಳ್ಳಲಿ ಬಿಡಿ.”

ಶ್ರೀನಿವಾಸಪುರದ ನಮ್ಮ ಮಾವು ಬೆಳೆಗಾರರ ಸಂಘದ ಕಾರ್ಯದರ್ಶಿ ಗಂಗಾಧರ್ ಅವರು ಕಳೆದ ಏಪ್ರಿಲ್‌ನಲ್ಲಿ ಹೀಗೆಂದದ್ದು, ಸಂಘದ ಗಣಕ ವಿಭಾಗವನ್ನು ಕಟ್ಟಿ ಬೆಳೆಸಿ, ನಿವೃತ್ತಿಯ ಹೊಸ್ತಿಲಲ್ಲಿದ್ದ ಶ್ರೀಮತಿ ಬದ್ರುನ್ನೀಸಾ ಅವರಿಗೆ. ಕೋಲಾರ ಸೀಮೆಯಲ್ಲಿ ಗಣಕಯಂತ್ರವನ್ನು ರೈತರ ಕೆಲಸಕ್ಕೆ ಪಳಗಿಸಿದವರ ಮಾತು ಬಂದಾಗ ಈ ಹೆಸರನ್ನು ದಾಟಿ ಮುಂದೆ ಹೋಗಲಾಗದು.

ಮಾಲೂರಿನ ಬೆರಳಚ್ಚು ಶಾಲೆಯಲ್ಲಿ ಬೋಧಕಿಯಾಗಿ ಸೇವೆ ಆರಂಭಿಸಿದ ಅವರು, ಲಿನಕ್ಸ್ ಎಂಬ ಗಣಕ ವ್ಯವಸ್ಥೆಯನ್ನು ಯಾವ ಕಾಲೇಜಿನಲ್ಲೂ ಓದದೆ, ಮೂಲೆಗೆ ಬಿದ್ದ ಯಂತ್ರಗಳನ್ನು ಎಬ್ಬಿಸಿ ಕೂರಿಸುತ್ತಲೇ ಕಲಿತವರು. ಮುಂದೆ ಸಂಘದ ಮುಳಬಾಗಿಲು ಶಾಖೆಗೆ ಬಂದಾಗ, ಕಣ್ಣಿನ ಶಸ್ತ್ರಚಿಕಿತ್ಸೆಯಾಗಿದ್ದ ಗುಮಾಸ್ತೆ ಗಂಗರತ್ನಮ್ಮನವರ ಪಕ್ಕದಲ್ಲಿ ಕುಳಿತು, ದಿನವೂ ಪುಟಗಳನ್ನು ಗಟ್ಟಿಯಾಗಿ ಓದಿ ಹೇಳಿ, ಅವರ ಕೆಲಸ ಉಳಿಸಿದ್ದನ್ನು ಅಲ್ಲಿನವರು ಇಂದಿಗೂ ನೆನೆಯುತ್ತಾರೆ. ಶ್ರೀನಿವಾಸಪುರಕ್ಕೆ ಬಂದ ಮೇಲೆ ಅವರು ಕಟ್ಟಿದ್ದೇ ಸರದಿ ಪುಟ. ಸಂಘದ ಮಂಡಿಯಲ್ಲಿ ಯಾರ ಹಣ್ಣಿನ ತೂಕ ಯಾವಾಗ ಎಂಬುದನ್ನು ಫೋನಿನಲ್ಲೇ ನೋಡಿ ರೈತರು ಮನೆ ಬಿಡುವಂತಾಯಿತು. ಬಿಸಿಲಲ್ಲಿ ನಿಂತು ಹಣ್ಣು ಕೊಳೆಯುವುದು ತಪ್ಪಿತು.

ಆ ಪುಟವನ್ನು ನಡೆಸುತ್ತಿದ್ದ ವೆಬ್ ಸರ್ವರ್ ತಂತ್ರಾಂಶ ಈಗ ಹಳತಾಗಿತ್ತು. ಅದರ ಬಿರುಕು ಮುಚ್ಚುವ ತೇಪೆಗಳು ಬರುವುದು ನಿಂತಿತ್ತು. ಹಾಗೇ ಬಿಟ್ಟರೆ ಯಾವ ಕಳ್ಳ ಯಾವತ್ತು ನುಗ್ಗುವನೋ ತಿಳಿಯದು. ಹೊಸದನ್ನು ಹಾಕಿದರೆ, ಪುಟವನ್ನು ಕಾಯುವ ಅದರ ಹೊಸ ಬಗೆಯ ಗೂಢಲಿಪಿಯ ಬೀಗ ಹಳೆಯ ಫೋನುಗಳಲ್ಲಿ ತೆರೆಯದು. ಸುಗ್ಗಿಯ ನಡುವೆ ರೈತರು ಕುರುಡಾಗುತ್ತಾರೆ. ಗಂಗಾಧರ್ ಹೇಳಿದಂತೆ ಸುಮ್ಮನಿದ್ದುಬಿಡುವ ಆಸೆ ಬದ್ರುನ್ನೀಸಾ ಅವರಿಗೂ ಆಗದೆ ಇರಲಿಲ್ಲ. ಆದರೆ ಸುಮ್ಮನಿದ್ದರೆ ಆ ಹೊರೆ ಬೀಳುವುದು ಅವರ ಜಾಗಕ್ಕೆ ಬರಲಿದ್ದ ಶಿಷ್ಯೆ ತ್ರಿವೇಣಿಯ ತಲೆಗೆ.

ಅವರು ಹೊಸ ತಂತ್ರಾಂಶವನ್ನು ಬೇರೊಂದು ಯಂತ್ರದಲ್ಲಿ ಹಾಕಿ, ತಮ್ಮ ಪದ್ಧತಿಯಂತೆ ಒಬ್ಬೊಬ್ಬ ರೈತರಿಗೂ ಕರೆ ಮಾಡಿದರು. ಪರದೆಯ ಮೇಲೆ ಕಂಡದ್ದನ್ನು ರೈತರು ಓದಬೇಕು, ಇವರು ಕೇಳಬೇಕು, ಪರೀಕ್ಷೆಯೆಂದರೆ ಅದೇ. ಹೋಳೂರಿನ ದೊಡ್ಡವೆಂಕಟಪ್ಪನವರು ಓದಲಿಲ್ಲ.

“ಏನೂ ಇಲ್ಲಮ್ಮ. ಸುಣ್ಣ ಹೊಡೆದ ಗೋಡೆ ಇದ್ದಂಗೈತೆ.”

“ಫೋನ್ ಬದಲಾಯಿಸ್ಬಾರ್ದಾ, ವೆಂಕಟಪ್ಪನೋರೆ?”

“ಅದೂ ಹಳೇದು, ನಾನೂ ಹಳೇಬ. ಇಬ್ರೂ ಓಡಾಡ್ಕೊಂಡಿದೀವಿ, ಬಿಡು.”

ಬದ್ರುನ್ನೀಸಾ ನಕ್ಕರು, ಫೋನಿಟ್ಟ ಮೇಲೆ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ತಪ್ಪು ಗುರುತು ಹಾಕಿದರು. ಆಗ ತ್ರಿವೇಣಿ ಮೆಲ್ಲಗೆ ಕೇಳಿದಳು: “ಮೇಡಂ, ಹೆಸರು, ಹೊತ್ತು, ಇಷ್ಟೇ ಅಲ್ವಾ ಸರದೀಲಿರೋದು? ಮಂಡಿ ಗೋಡೆ ಮೇಲೆ ಬರೆಯೋದಕ್ಕೆ ಬೀಗ ಯಾಕೆ? ಓದೋ ಪುಟ ಒಂದನ್ನ ಬೀಗ ಇಲ್ದೆ ಹೊರಗಿಡೋಣ. ಮಿಕ್ಕಿದ್ದೆಲ್ಲ ಒಳಗಿರಲಿ.”

“ಅರೆ ಬೇಟಾ, ಇಷ್ಟು ದಿನ ಎಲ್ಲಿಟ್ಟಿದ್ದೆ ಈ ಮಾತ?”

ಗಂಗಾಧರ್ ಅವರ ಮುಂದೆ ಹೋದಾಗಲೂ “ಉಪಾಯ ಇವಳದು, ಜವಾಬ್ದಾರಿ ನನ್ನದು” ಎಂದೇ ಹೇಳಿದರು. “ಮಂಡಿ ನಿಂತ್ರೆ ರೈತರಿಗೆ ಸಮಾಧಾನ ನೀವೇ ಚೆಪ್ಪಂಡಿ, ನೀವೇ ಹೇಳ್ಬೇಕು” ಎಂದು ಕಾರ್ಯದರ್ಶಿಗಳು ಸಹಿ ಹಾಕಿದರು. ಮೊದಲ ಹಣ್ಣು ಮಂಡಿಗೆ ಬರುವ ಮುನ್ನ, ಹಳೆಯದರ ನಕಲೊಂದನ್ನು ಕೈಗೆಟುಕುವಂತಿಟ್ಟುಕೊಂಡು, ತ್ರಿವೇಣಿಯ ಕೈಯಿಂದಲೇ ಅವರು ಬದಲಾವಣೆ ಮಾಡಿಸಿದರು.

ಮಾಲೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಅವರು ತೆರೆಯಲಿರುವ ಲಿನಕ್ಸ್ ತರಗತಿಯ ಬೆಂಚುಗಳು ಸಾಲದೆ ಹೋಗಲಿ; ಆರೋಗ್ಯ ಕೂಡಿದ ದೀರ್ಘಾಯುಷ್ಯ ಅವರದಾಗಲಿ; ಫೋನಿನಲ್ಲಿ ಜನರನ್ನು ಓದಿಸುವ ಆ ದನಿ ನಮಗೆ ಬಹುಕಾಲ ಕೇಳಿಸುತ್ತಿರಲಿ. ಹೀಗೆ ಹಾರೈಸುವಾಗ, ಸುಗ್ಗಿಯ ಮೊದಲ ಬೆಳಿಗ್ಗೆ ಅವರು ಸ್ಪೀಕರ್ ಹಾಕಿ ಹೋಳೂರಿಗೆ ಮಾಡಿದ ಕರೆಯನ್ನೂ ಹೇಳಿಬಿಡಬೇಕು.

“ಓದಿ, ವೆಂಕಟಪ್ಪನೋರೆ.”

“ತಾಳಮ್ಮ, ಕನ್ನಡಕ. ಹಾಂ... ದೊಡ್ಡವೆಂಕಟಪ್ಪ, ಹೋಳೂರು, ಬಾದಾಮಿ ಹಣ್ಣು, ಒಂಬತ್ತು ಗಂಟೆ... ಅಯ್ಯೋ, ಒಂಬತ್ತಕ್ಕೇನಮ್ಮ? ನಿನ್ನತ್ರ ಮಾತಾಡ್ತಾ ಕೂತ್ರೆ ಆಯ್ತು ನನ್ ಕತೆ.”

ಕರೆ ಕಡಿಯುವುದನ್ನೂ ಮರೆತು ವೆಂಕಟಪ್ಪನವರು ಫೋನನ್ನು ಜೇಬಿಗೆ ಹಾಕಿಕೊಂಡಿರಬೇಕು. ಟ್ರ್ಯಾಕ್ಟರ್ ಎರಡು ಸಲ ಕೆಮ್ಮಿ ಹೊರಟ ಸದ್ದು ಸಂಘದ ಕೋಣೆಯಲ್ಲಿ ಎಲ್ಲರಿಗೂ ಕೇಳಿಸಿತು.