ನೂರಜಹಾನಳ ಹಣೆ

ಚಿತ್ತಾಪುರದ ಪಿಂಜಾರ ಮಜೀದಸಾಬ ಹತ್ತಿ ಹಿಂಜುತ್ತಿದ್ದ. ಹೆಂಡತಿ ಕಮರುನ್ನೀಸಾ ಆ ಹತ್ತಿ ತುಂಬಿ ಗಾದಿ ಹೊಲಿಯುತ್ತಿದ್ದಳು. ಇದ್ದದ್ದು ಒಂದೇ ಕೋಣೆ. ಹಿಂಜುವುದೂ ಅಲ್ಲೇ, ಉಣ್ಣುವುದೂ ಅಲ್ಲೇ, ರೊಟ್ಟಿಯ ಮೇಲೂ ಧೂಳು. ಆ ಮನೆಯಲ್ಲಿ ವರ್ಷವಿಡೀ ಒಬ್ಬರಲ್ಲ ಒಬ್ಬರ ಮೂಗು ಸೋರುತ್ತಲೇ ಇರುತ್ತಿತ್ತು. ಹಾಗಾಗಿ ೧೯೬೯ರ ಮಳೆಗಾಲದಲ್ಲಿ ಹನ್ನೊಂದು ವರ್ಷದ ಮಗಳು ನೂರಜಹಾನಳಿಗೆ ನೆಗಡಿಯಾದಾಗ ಯಾರೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನೆಗಡಿ ಹೋಗಲಿಲ್ಲ. ಸಿಂಬಳ ಹಳದಿಗಟ್ಟಿ ನಾರತೊಡಗಿತು. ಕಸ ಗುಡಿಸಲು ಬಗ್ಗಿದರೆ ಹಣೆ ಸಿಡಿದುಹೋಗುವಂಥ ನೋವು. ಹುಡುಗಿ ಕಸಬರಿಗೆ ಬಿಟ್ಟು ಗೋಡೆಗೆ ತಲೆಯಾನಿಸಿ ಕೂತುಬಿಡುತ್ತಿದ್ದಳು.

"ಕೆಲಸ ಅಂದ್ ಕೂಡ್ಲೆ ಇದರ ತಲಿ ನೋಯ್ತದ," ಎನ್ನುತ್ತಿದ್ದಳು ಮಜೀದಸಾಬನ ತಾಯಿ ಸೈದಾನಬಿ.

ಒಂದು ಬೆಳಿಗ್ಗೆ ಹಣೆಯ ನಡುವೆ ಬಾವು ಎದ್ದಿತ್ತು. ಒತ್ತಿದರೆ ನಾದಿದ ಹಿಟ್ಟಿನಂತೆ ತಗ್ಗು ಬೀಳುತ್ತಿತ್ತು. ಎಡಗಣ್ಣು ಊದಿ ಮುಚ್ಚಿಹೋಗಿತ್ತು. ಕಮರುನ್ನೀಸಾ ಮಗಳನ್ನು ಊರ ಡಾಕ್ಟರ ಬಳಿ ಒಯ್ದಳು.

ಡಾಕ್ಟರು ಸೂಜಿ ಮಾಡಿ ಹೇಳಿದರು: "ಇದು ಬರೇ ನೆಗಡಿ ಅಲ್ಲವ್ವ. ಮೂಗಿನ ಮ್ಯಾಲಿನ ಕೀವು ಹಣಿ ಎಲುಬಿಗೆ ಹತ್ಯದ. ಒಳಗ ಮಿದುಳಿಗೆ ಇಳದ್ರ ಹುಡುಗಿ ಉಳಿಯಂಗಿಲ್ಲ. ಇವತ್ತೇ ಹೈದರಾಬಾದಿಗಿ ಕರ್ಕೊಂಡು ಹೋಗಿ ಆಪರೇಷನ್ ಮಾಡಸ್ರಿ."

ಮನೆಯಲ್ಲಿ ಮಜೀದಸಾಬ ಒಪ್ಪಲಿಲ್ಲ. "ತಲಿ ಕೊಯ್ಸಿದ ಹುಡುಗೀಗಿ ನಾಳಿ ಯಾರು ಲಗ್ನ ಆಗ್ತಾರ?"

"ದೃಷ್ಟಿ ಬಡದದ," ಎಂದಳು ಸೈದಾನಬಿ. "ಕಬ್ಬಿಣ ಕಾಸಿ ಒಂದು ಬರಿ ಕೊಟ್ರ ಇಳೀತದ. ನೀ ಆಕಿ ಕೈ ಹಿಡಿ."

"ಬ್ಯಾಡ ಅತ್ತಿ. ಡಾಕ್ಟರು ಬ್ಯಾರೆ ಹೇಳ್ಯಾರ."

"ಡಾಕ್ಟರ್ ಬಂದು ನಿನ್ನ ಸಂಸಾರ ಮಾಡ್ತಾನೇನು? ಹಿಡಿತೀಯೋ, ತವರಿಗಿ ನಡಿತೀಯೋ?"

ದಂಡೋತಿಯ ತವರಿನಲ್ಲಿ ಅವಳಿಗೆ ಯಾರೂ ಉಳಿದಿರಲಿಲ್ಲ. ಅವಳು ಮಗಳ ಎರಡೂ ಕೈ ಹಿಡಿದಳು. ಕಾದ ಕಬ್ಬಿಣದ ತುದಿ ಬಾವಿನ ಮೇಲೆ ಕೂತಿತು.

"ಅವ್ವಾ, ಬಿಡು! ಅವ್ವಾ!"

ಕಮರುನ್ನೀಸಾ ಬಿಡಲಿಲ್ಲ. ಮುಗಿದ ಮೇಲೆ ಸೈದಾನಬಿಯೇ ಮೊಮ್ಮಗಳನ್ನು ತೊಡೆಯ ಮೇಲೆ ಎಳೆದುಕೊಂಡು, ಸುಟ್ಟ ಜಾಗಕ್ಕೆ ಬೆಣ್ಣೆ ಹಚ್ಚಿ, ಬಾಯಿಗೆ ಬೆಲ್ಲ ಇಟ್ಟಳು.

ಎರಡು ದಿನದಲ್ಲಿ ವಾಂತಿ ಶುರುವಾಯಿತು. ಬಲಗೈ, ಬಲಗಾಲು ಅದುರಿ ಸೆಟೆದುಕೊಂಡವು. ಹುಡುಗಿಗೆ ಎಚ್ಚರ ತಪ್ಪಿತು. ಎದುರು ಮನೆಯ ಶಿವಕಾಂತಮ್ಮ ಒಳಗೆ ಬಂದು ನೋಡಿದವಳೇ, "ಲಗ್ನದ ಚಿಂತಿ ಆಮ್ಯಾಲ ಮಾಡೂಣಂತ. ಕೂಸಿಗಿ ಎತ್ಕೋ, ರೈಲು ಬರೋ ಹೊತ್ತಾಗ್ಯದ," ಎಂದಳು. ಗಂಡ ಬಾಗಿಲಲ್ಲಿ ನಿಂತಿದ್ದ. ತಡೆಯಲೂ ಇಲ್ಲ, ಜೊತೆಗೆ ಬರಲೂ ಇಲ್ಲ.

ಹೈದರಾಬಾದಿನ ದೊಡ್ಡ ದವಾಖಾನೆಯಲ್ಲಿ ಡಾಕ್ಟರು ಹಣೆಯ ಸುಟ್ಟಗಾಯ ನೋಡಿ, ಯಾರು ಮಾಡಿದ್ದೆಂದು ಕೇಳಿದರು. "ನಾನೇ," ಎಂದಳು ಕಮರುನ್ನೀಸಾ. ವಾರ್ಡಿನ ಉಳಿದ ತಾಯಂದಿರು ಅವಳ ಪಕ್ಕದಿಂದ ಎದ್ದು ಆಚೆ ಹೋಗಿ ಕೂತರು.

ಕೊಳೆತ ಎಲುಬು ಕತ್ತರಿಸಿ, ಮಿದುಳಿನ ಮೇಲೆ ನಿಂತಿದ್ದ ಕೀವು ತೆಗೆದರು. ನೂರಜಹಾನ್ ಬದುಕಿದಳು. ಹಣೆಯಲ್ಲಿ ನಿಂಬೆಹಣ್ಣು ಕೂರುವಷ್ಟು ತಗ್ಗು ಉಳಿಯಿತು.

ಬಂದವರ ಎದುರು ಸೆರಗಿನ ಹಿಂದೆ ಅಡಗುತ್ತಿದ್ದ ಹುಡುಗಿ ಈಗ ಬೀದಿಯಲ್ಲಿ ಹೋಗುವವರಿಗೆ ಹೊಲಸು ಬೈಯುತ್ತಿದ್ದಳು. ಉಣ್ಣುವ ತಾಟು ಎಸೆಯುತ್ತಿದ್ದಳು. ಆಗಾಗ ಫಿಟ್ಸ್ ಬರುತ್ತಿತ್ತು. ಕಲಿತ ಅಕ್ಷರ ಹೋದವು, ಸಾಲೆಯ ದಾರಿ ಮರೆತುಹೋಯಿತು. ತಾಯಿ ಕೈ ಹಿಡಿದದ್ದು ಮಾತ್ರ ಮರೆಯಲಿಲ್ಲ. ಕಮರುನ್ನೀಸಾ ಹತ್ತಿರ ಹೋದರೆ ಉಗುಳಿ, ಪರಚಿ, ಚೀರುತ್ತಿದ್ದಳು. ದಾದಿ ಎಂದು ಕರೆಯುತ್ತಿದ್ದ ಅಜ್ಜಿಯ ಕೈಯಿಂದ ಮಾತ್ರ ತುತ್ತು.

"ನೋಡು," ಸೈದಾನಬಿ ಸೊಸೆಗೆ ಕೇಳಿಸುವಂತೆಯೇ ಹೇಳುತ್ತಿದ್ದಳು. "ಸುಟ್ಟಾಕಿ ನಾನು, ನನ್ನ ತೊಡಿ ಮ್ಯಾಲ ಮಲಗ್ತದ. ಹಡದಾಕಿಗಿ ಉಗುಳ್ತದ."

ಮಜೀದಸಾಬ ವಾಡಿಗೆ ಹೋಗಿ ಬೇರೆ ಸಂಸಾರ ಹೂಡಿದ. ಗಾದಿ ಹೊಲಿದು ಅತ್ತೆಯನ್ನೂ ಮಗಳನ್ನೂ ಸಾಕಿದವಳು ಕಮರುನ್ನೀಸಾ.

೧೯೭೬ರಲ್ಲಿ ಸೈದಾನಬಿ ಸತ್ತಳು. ಆಮೇಲೆ ನೂರಜಹಾನ್ ಹನಿ ನೀರೂ ಕುಡಿಯಲಿಲ್ಲ; ತಾಯಿ ಕೊಟ್ಟದ್ದನ್ನೆಲ್ಲ ಗೋಡೆಗೆ ಎಸೆದಳು. ತುಟಿ ಒಡೆದು ನಾಲಿಗೆ ಒಣಗತೊಡಗಿದಾಗ ಕಮರುನ್ನೀಸಾ ಟ್ರಂಕಿನಿಂದ ಅತ್ತೆಯ ಹಳೆ ಇಳಕಲ್ ಸೀರೆ ತೆಗೆದಳು. ತಂಬಾಕಿನ ವಾಸನೆ ಇನ್ನೂ ಅದರಲ್ಲಿತ್ತು. ಉಟ್ಟು, ಸೆರಗು ಮುಖದ ಮೇಲೆ ಎಳೆದುಕೊಂಡು, ಅತ್ತೆಯಂತೆಯೇ ಕೆಮ್ಮುತ್ತ ತಾಟು ಹಿಡಿದು ಮಗಳ ಮುಂದೆ ಕೂತಳು.

ನೂರಜಹಾನ್ ಮೂಸಿ ನೋಡಿ ಬಾಯಿ ತೆರೆದಳು.

"ದಾದಿ, ಆಕಿ ಎಲ್ಲಿ ಹ್ವಾದಳು?"

"ಯಾಕಿ?"

"ಅವ್ವ. ಸತ್ತಳೇನು?"

ಕಮರುನ್ನೀಸಾಳ ಕೈ ತಾಟಿನಲ್ಲೇ ನಿಂತಿತು. ಹುಡುಗಿ ಬಾಯಿ ತೆರೆದು ಕಾಯುತ್ತಿದ್ದಳು.

"ಹೂಂ. ಸತ್ತಳು."

"ಛಲೋ ಆಯ್ತು," ಎಂದು ನೂರಜಹಾನ್ ಮುಂದಿನ ತುತ್ತು ನುಂಗಿದಳು.

ಅಂದಿನಿಂದ ಗಾದಿ ಹೊಲಿಯುವಾಗ ತನ್ನ ಸೀರೆ, ಮಗಳಿಗೆ ಉಣಿಸುವಾಗ ಅತ್ತೆಯ ಸೀರೆ. ಅದು ಹರಿದಾಗ ಶಿವಕಾಂತಮ್ಮ ಅಂಥದ್ದೇ ಬಣ್ಣದ ಇನ್ನೊಂದು ಹುಡುಕಿ ತಂದುಕೊಟ್ಟಳು. ನೂರಜಹಾನ್ ೧೯೮೨ರಲ್ಲಿ ಫಿಟ್ಸ್ ಬಂದು ತೀರಿಕೊಂಡಳು. ಅಲ್ಲಿಯವರೆಗೂ ಅವಳು ಕಮರುನ್ನೀಸಾಳನ್ನು ದಾದಿ ಎಂದೇ ಕರೆದಳು.