ಅಜ್ಜಿಗೆ ಒಪ್ಪುವ ಬಣ್ಣ ಯಾವುದು?

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಶೆಡ್ಡಿನ ಅಂಗಳಕ್ಕೆ ಎಳೆದು ನಿಲ್ಲಿಸಿದ, ಕುದುರೆ ಸಾಗಿಸುವ ಟ್ರೇಲರಿನ ಎದುರು ಬಣ್ಣದಣ್ಣ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾರೆ. ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆ, ಒಂದು ಕಣ್ಣು ಮುಚ್ಚುತ್ತಾರೆ, ತಲೆ ಓರೆ ಮಾಡುತ್ತಾರೆ. ಟ್ರೇಲರಿನ ಬೂದು ಪ್ರೈಮರಿನ ಮೇಲೆ ಅಂಗೈ ಅಗಲದ ಏಳು ಪಟ್ಟೆಗಳಿವೆ: ಕೆನೆ, ತಿಳಿನೀಲಿ, ಕಡುನೀಲಿ, ಎಲೆಹಸಿರು, ಅರಿಶಿನ, ಬೆಳ್ಳಿ, ಬಿಳಿ. ಬಿಳಿ ನಿನ್ನೆ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಹೆಂಡತಿ ಬಿಳಿಯೇ ತಂಪು ಅಂದದ್ದಕ್ಕೆ ಬೆಳಗ್ಗೆ ಎದ್ದವರೇ ಅದನ್ನೂ ಬಳಿದಿದ್ದಾರೆ.

"ನಿನ್ನೆ ನೀಲಿ ಅಂತ ಗಟ್ಟಿ ಮಾಡ್ಕೊಂಡೇ ಮಲಗಿದ್ದೆ. ಈಗ ನೋಡಿದ್ರೆ ಅದೇ ನೀಲಿ ನನ್ನನ್ನ ಗುರಾಯಿಸ್ತಾ ಇದೆ" ಎನ್ನುತ್ತಾರೆ. "ತಲೆ ಕೆಟ್ಟು ಮೊಸರು ಗಡಿಗೆ ಆಗಿದೆ."

ಗಾಡಿಗಳಿಗೆ ಬಣ್ಣ ಹೊಡೆಯುವುದರಲ್ಲೇ ಇವರ ತಲೆಗೂದಲು ನರೆತಿದೆ. ಮೊದಲು ಹಾಲಿನ ವ್ಯಾನು, ಶಾಲೆಯ ಬಸ್ಸು. ಹತ್ತಿರದಲ್ಲಿ ಕುದುರೆ ಲಾಯಗಳು ಬಂದ ಮೇಲೆ ಬರೀ ಟ್ರೇಲರು. ತುಕ್ಕು ಉಜ್ಜಿ, ಪ್ರೈಮರ್ ಹೊಡೆದು, ಒಣಗಿಸಿ, ಮತ್ತೆ ಉಜ್ಜಿ ಉಜ್ಜಿ ಬೆರಳ ತುದಿಗಳು ನುಣ್ಣಗಾಗಿವೆ. ಬಣ್ಣದ ಗಾಳಿ ಕುಡಿದು ಮೂಗಿಗೆ ವಾಸನೆಯೇ ಹತ್ತುವುದಿಲ್ಲ. ಸಾರು ಸೀದು ಕರಕಲಾದರೂ ಇವರು ತುಟಿಪಿಟಕ್ಕೆನ್ನದೆ ಉಣ್ಣುತ್ತಾರೆಂದು ಹೆಂಡತಿಗೆ ನಗು. ಇವರು ಹೊಡೆದ ಬಣ್ಣ ದಿನವೂ ರಸ್ತೆಯಲ್ಲಿ ಓಡಾಡುತ್ತದೆ, ಆದರೆ ಟ್ರೇಲರ್ ಕಂಡವರ ಕಣ್ಣೆಲ್ಲ ಒಳಗಿನ ಕುದುರೆಯ ಮೇಲೆ.

ಇಷ್ಟು ವರ್ಷದಲ್ಲಿ ಬಣ್ಣ ಯಾವುದೆಂದು ಇವರನ್ನು ಯಾರೂ ಕೇಳಿದ್ದಿಲ್ಲ. ಗಿರಾಕಿ ಬೆರಳು ತೋರಿಸುತ್ತಾನೆ, ಇವರು ಹೊಡೆಯುತ್ತಾರೆ. ಮನೆಯಲ್ಲಿ ಅಂಗಿಯ ಬಣ್ಣವೂ ಹೆಂಡತಿಯ ಆಯ್ಕೆ. ಹೀಗಿರುವಾಗ ಕುದುರೆ ಸವಾರಿ ಶಾಲೆಯ ಮೇಡಂ ಈ ಹೊಸ ಟ್ರೇಲರಿನ ಕೆಲಸ ತಂದು, "ಬಣ್ಣ ನೀವೇ ಆರಿಸಿ, ನಂಗೆ ತೋಚ್ತಾ ಇಲ್ಲ" ಅಂದುಬಿಟ್ಟರು. ಅಂದಿನಿಂದ ಬಣ್ಣದಣ್ಣ ಪೇಚಿಗೆ ಸಿಕ್ಕಿದ್ದಾರೆ.

ಪೇಚು ಬರೀ ಅಂದಚೆಂದದ್ದಲ್ಲ. ಶಾಲೆಯಲ್ಲೊಂದು ಕಂದು ಬಣ್ಣದ ಮುದಿ ಹೆಣ್ಣುಕುದುರೆ ಇದೆ, ಎಲ್ಲರೂ ಅದನ್ನು ಅಜ್ಜಿ ಎಂದೇ ಕರೆಯುತ್ತಾರೆ. ಎಷ್ಟೋ ಮಕ್ಕಳು ಸವಾರಿ ಕಲಿತದ್ದು ಅವಳ ಬೆನ್ನ ಮೇಲೆ. ಹಿಂದೊಮ್ಮೆ ತಿರುವಿನಲ್ಲಿ ಗಕ್ಕನೆ ಬ್ರೇಕ್ ಹಾಕಿದಾಗ, ಹಳೆಯ ಟ್ರೇಲರಿನೊಳಗೇ ಅವಳು ಮುಗ್ಗರಿಸಿ ಬಿದ್ದಳು. ಅಂದಿನಿಂದ ಜಪ್ಪಯ್ಯ ಅಂದರೂ ಟ್ರೇಲರ್ ಹತ್ತುವುದಿಲ್ಲ. ಈಗ ಶಾಲೆ ದೂರದ ಹೊಸ ಜಾಗಕ್ಕೆ ಹೋಗುತ್ತಿದೆ, ನಾಳೆಯೇ ಹೊರಡಬೇಕು. ನಡೆಸಿಕೊಂಡು ಹೋಗುವ ದಾರಿಯಲ್ಲ. ಅಜ್ಜಿ ಹತ್ತದಿದ್ದರೆ ಅವಳನ್ನು ಯಾರೋ ಕಂಡವರ ಪಾಲಿಗೆ ಬಿಟ್ಟು ಹೋಗಬೇಕು.

ಆ ಹಳೆಯ ಟ್ರೇಲರಿಗೆ ಕಡುಗೆಂಪು ಹೊಡೆದವರು ಬಣ್ಣದಣ್ಣನೇ. "ಆ ಬಣ್ಣ ಕಂಡ್ರೇನೇ ಅವಳಿಗೆ ಭಯವೋ ಏನೋ. ಈಗ ಇನ್ನೊಂದು ತಪ್ಪಾದ್ರೆ?" ಎನ್ನುವಾಗ ಅವರ ದನಿ ಇಳಿಯುತ್ತದೆ.

ಸಲಹೆಗಳಿಗೇನೂ ಬರವಿಲ್ಲ. ಟ್ರೇಲರ್ ಕಟ್ಟಿದ ಪಕ್ಕದ ವೆಲ್ಡರ್ ಕಡುನೀಲಿ ಎನ್ನುತ್ತಾನೆ. ಕುದುರೆಗಳನ್ನು ನೋಡಿಕೊಳ್ಳುವ ಲಾಯದ ತಾತ, "ಬಿಳಿ ಮಾತ್ರ ಬೇಡಪ್ಪಾ, ಲದ್ದಿ ತೊಳೆಯೋನು ನಾನು" ಎಂದು ಮೂಗು ಮುರಿಯುತ್ತಾರೆ. ಕುದುರೆಗೆ ಕೆಂಪು ಹಸಿರುಗಳ ವ್ಯತ್ಯಾಸ ಅಷ್ಟಾಗಿ ತಿಳಿಯದು ಎಂದರು ಪಶುವೈದ್ಯರು. "ಹಾಗಾದ್ರೆ ಆ ಕೆಂಪು ಅವಳಿಗೆ ಹೆಂಗೆ ಕಾಣಿಸ್ತು ಡಾಕ್ಟ್ರೇ?" ಎಂದು ಇವರು ಕೇಳಿದ್ದಕ್ಕೆ, "ಅದನ್ನ ಅವಳನ್ನೇ ಕೇಳ್ಬೇಕು" ಎಂದು ಹೊರಟುಹೋದರಂತೆ.

ಕೊನೆಗೆ ಅದೇ ಸರಿ ಅನ್ನಿಸಿದೆ. ಬಿಸಿಲು ಏರುವ ಮೊದಲೇ ಲಾಯದ ತಾತ ಅಜ್ಜಿಯನ್ನು ಹಿಡಿದು ತರುತ್ತಾರೆ, ಹಿಂದೆಯೇ ಮೇಡಂ. ಬಣ್ಣದಣ್ಣ ಪಟ್ಟೆಗಳ ಪಕ್ಕದಲ್ಲಿ ಹೆಣ್ಣು ತೋರಿಸುವ ಅಪ್ಪನಂತೆ ಕೈಕಟ್ಟಿ ನಿಲ್ಲುತ್ತಾರೆ. ಅಜ್ಜಿ ಏಳರಲ್ಲಿ ಒಂದನ್ನೂ ಕಣ್ಣೆತ್ತಿ ನೋಡುವುದಿಲ್ಲ. ಬಿಳಿಯ ಹತ್ತಿರ ಒಂದು ಸೀನು ಸೀನಿ, ತಾತನನ್ನೇ ಎಳೆದುಕೊಂಡು ಟ್ರೇಲರಿನ ಹಿಂಬದಿಗೆ ಹೋಗುತ್ತಾಳೆ.

ಬಾಗಿಲ ಅಂಚಿನ ಪ್ರೈಮರ್ ಇನ್ನೂ ಹಸಿ ಇರುವಾಗ ಮುಚ್ಚಿದರೆ ಅಂಟಿಕೊಳ್ಳುತ್ತದೆಂದು ಬಣ್ಣದಣ್ಣ ಬೆಳಗ್ಗೆಯೇ ಎಲ್ಲ ಬಾಗಿಲು ತೆರೆದಿಟ್ಟಿದ್ದಾರೆ. ಹಿಂಬಾಗಿಲು ನೆಲಕ್ಕೆ ಒರಗಿ ಹತ್ತುವ ಹಲಗೆಯಾಗಿದೆ. ಮುಂದಿನ ಸಣ್ಣ ಬಾಗಿಲಿನಿಂದ ಆಚೆಯ ಹುಲ್ಲು, ಬೇಲಿ ಎಲ್ಲ ಕಾಣುತ್ತಿವೆ. ಅಜ್ಜಿ ಕಿವಿ ನಿಮಿರಿಸಿ ನೋಡುತ್ತಾಳೆ. ಹಲಗೆಯ ಮೇಲೆ ಒಂದು ಕಾಲಿಡುತ್ತಾಳೆ, ತೆಗೆಯುತ್ತಾಳೆ, ಮತ್ತೆ ಇಡುತ್ತಾಳೆ. ಆಮೇಲೆ ಧಡಧಡನೆ ಹತ್ತಿ ಒಳಗೆ ನಿಂತುಬಿಡುತ್ತಾಳೆ.

ಮೇಡಂ ಬಾಯಿಗೆ ಸೆರಗು ಒತ್ತಿ ಅಳುತ್ತಾರೆ. ತಾತ ಒಳಗೆ ನಿಂತು ಅವಳ ಕತ್ತು ಸವರುತ್ತಾರೆ. ಮುಂದಿನ ಬಾಗಿಲನ್ನು ಮೆಲ್ಲಗೆ ಹಾಕಿದರೂ ಅಜ್ಜಿ ಕಿವಿ ಮಾತ್ರ ಅಲುಗಿಸುತ್ತಾಳೆ.

"ಯಾವ ಬಣ್ಣಕ್ಕೆ ಹತ್ತಿದ್ಳು?" ಮೇಡಂ ಕಣ್ಣೊರೆಸಿಕೊಂಡು ಕೇಳುತ್ತಾರೆ.

"ಹಸಿರಿಗೆ, ಇನ್ಯಾವುದಕ್ಕೆ?" ಒಳಗಿನಿಂದ ತಾತ.

"ಆ ಕಡೆ ಬೆಳಕು ಕಾಣಿಸ್ತೇನೋ ಮೇಡಂ. ಇಲ್ಲ, ಪಟ್ಟೆಗಳನ್ನ ಕಂಡೇ ಧೈರ್ಯ ಬಂತೇನೋ. ನಂಗಂತೂ ಒಂದೂ ಗೊತ್ತಾಗ್ತಿಲ್ಲ" ಎನ್ನುತ್ತಾರೆ ಬಣ್ಣದಣ್ಣ.

"ಹಾಗಾದ್ರೆ ಒಂದು ಚುಕ್ಕೆನೂ ಅಳಿಸ್ಬೇಡಿ. ನಾಳೆ ಹೀಗೇ ಹೊರಡ್ತೀವಿ."

"ಅಯ್ಯೋ, ಹೀಗೆ ರಸ್ತೆಗೆ ಬಿಟ್ರೆ ಜನ ನಗ್ತಾರೆ! ಯಾರು ಬಣ್ಣ ಹೊಡೆದಿದ್ದು ಅಂತ ಕೇಳಲ್ವಾ?"

"ಕೇಳಲಿ ಬಿಡಿ, ನಿಮ್ಮ ಹೆಸರೇ ಹೇಳ್ತೀನಿ" ಎಂದು ಮೇಡಂ ಈಗ ನಗುತ್ತಾರೆ.

ಬಣ್ಣದಣ್ಣ ಪಟ್ಟೆಗಳನ್ನು ಮತ್ತೊಮ್ಮೆ ನೋಡುತ್ತಾರೆ. ಅಜ್ಜಿಯನ್ನು ಇಳಿಸಿ ಗಾಡಿ ವಾಪಸ್ ಬಂದ ಮೇಲೆ ನೆಟ್ಟಗೆ ಒಂದು ಬಣ್ಣ ಹೊಡೆಯಬೇಕೆಂಬುದು ಅವರ ಆಸೆ. ಯಾವುದೆಂದು ಮಾತ್ರ ಕೇಳಬಾರದು. ಅಷ್ಟರಲ್ಲಿ ಜೇಬಿನ ಫೋನು ಬಡಿದುಕೊಳ್ಳುತ್ತದೆ. ಆ ಕಡೆ ಹೆಂಡತಿ, ಅವರಿಗೆ ಒಂದೇ ಅವಸರ: ಕೊನೆಗೆ ಯಾವ ಬಣ್ಣ ಆಯ್ತು, ಬಿಳಿಯೇ ತಾನೆ?

ಬಣ್ಣದಣ್ಣ ಬಗ್ಗಿ ಟ್ರೇಲರಿನೊಳಗೆ ಇಣುಕುತ್ತಾರೆ. ಅಜ್ಜಿ ತಾತ ತಂದುಹಾಕಿದ ಹುಲ್ಲು ಮೆಲ್ಲುತ್ತಿದ್ದಾಳೆ, ಬಿಸಿಲು ಅವಳ ಬೆನ್ನ ಮೇಲೆ ಬಿದ್ದಿದೆ.

"ಹೊರಗಡೇದು ಇನ್ನೂ ಗೊತ್ತಿಲ್ಲ ಕಣೇ" ಎನ್ನುತ್ತಾರೆ. "ಒಳಗಡೆ ಮಾತ್ರ ಕಂದು. ಎಷ್ಟು ಚೆನ್ನಾಗಿ ಹೊಳೀತಾ ಇದೆ ಗೊತ್ತಾ?"